ಚಿತ್ರದ ಹಣ, ಚಿತ್ರದ ನೆಲಕ್ಕೆ
(ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಮನೆಯಲ್ಲಿ ಇಂದು ಕ್ಯಾಮೆರಾ ಇರುವ ಮೊಬೈಲ್ ಇದೆ. ತುಂಬಿದ ಹೊಳೆ, ಸೀತಾಳೆ ಹೂವು, ಮಂಗಟ್ಟೆ ಹಕ್ಕಿ, ನಾಟಿಯ ಗದ್ದೆ ಎಲ್ಲವೂ ಅದರಲ್ಲಿ ಸೆರೆಯಾಗಿವೆ. ಇಂಥ ಚಿತ್ರಗಳನ್ನು ಮಾರಿ ಸತ್ಕಾರ್ಯವೊಂದಕ್ಕೆ ಹಣ ಕೂಡಿಸಬಹುದೇ? ಖಂಡಿತ ಕೂಡಿಸಬಹುದು. ಆದರೆ ಆ ಹಣದ ಮೇಲೆ ಹಕ್ಕು ಯಾರದು, ಅದು ಎಲ್ಲಿಗೆ ಸೇರಬೇಕು, ಎಷ್ಟು ಕಾಲ ಸೇರಬೇಕು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳುವುದು ಒಳಿತು. ಬ್ರೆಜಿಲ್ ದೇಶದ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಲ್ಗಾಡೊ ಅವರ ಬದುಕು ಈ ಪ್ರಶ್ನೆಗಳ ಮೇಲೆ ಬೆಳಕು ಚೆಲ್ಲುತ್ತದೆ.

1944ರಲ್ಲಿ ಮಿನಾಸ್ ಜೆರೈಸ್ ಪ್ರಾಂತ್ಯದ ಐಮೊರೆಸ್ ಎಂಬಲ್ಲಿ ಜನಿಸಿದ ಸಲ್ಗಾಡೊ ಅರ್ಥಶಾಸ್ತ್ರಜ್ಞರಾಗಿದ್ದರು. ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದಾಗ ಕ್ಯಾಮೆರಾ ಹಿಡಿದು, 1973ರಲ್ಲಿ ಆ ಉದ್ಯೋಗವನ್ನೇ ತೊರೆದರು. ಆಫ್ರಿಕದ ಸಾಹೆಲ್ ಪ್ರದೇಶದಲ್ಲಿ 1984-85ರಲ್ಲಿ ಕಂಡ ಬರಗಾಲದ ಚಿತ್ರಗಳು ಪುಸ್ತಕವಾದಾಗ, ಅದರ ಆದಾಯವು ಅಲ್ಲಿಯೇ ಸೇವೆ ಸಲ್ಲಿಸುತ್ತಿದ್ದ, ಗಡಿಗಳಿಲ್ಲದ ವೈದ್ಯರೆಂದು ಹೆಸರಾದ ಸಂಸ್ಥೆಗೆ ಸಂದಿತು. ಹಸಿದವರ ನೋವನ್ನು ಅವರು ಅಂದಗೊಳಿಸುತ್ತಾರೆ ಎಂದು ಇಂಗ್ರಿಡ್ ಸಿಶಿ ಎಂಬ ವಿಮರ್ಶಕಿ 1991ರಲ್ಲಿ ಆಕ್ಷೇಪಿಸಿದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಚಿತ್ರ ತೆಗೆದವರಿಗೆ ಹೆಸರು, ಕೊಂಡವರಿಗೆ ಗೋಡೆಯ ಅಲಂಕಾರ ದೊರೆತು, ಚಿತ್ರದಲ್ಲಿರುವವರಿಗೆ ಮಾತ್ರ ಏನೂ ದಕ್ಕದಿದ್ದರೆ ಅದು ದಾನವಲ್ಲ, ವ್ಯಾಪಾರ.

1994ರ ರುವಾಂಡ ಹತ್ಯಾಕಾಂಡವನ್ನು ಕಂಡು ದೇಹ, ಮನಸ್ಸುಗಳೆರಡೂ ಕುಗ್ಗಿದ ಸಲ್ಗಾಡೊ ಊರಿಗೆ ಮರಳಿದರು. ತಂದೆಯ ಜಮೀನು ಬೋಳಾಗಿತ್ತು. ಬಾಲ್ಯದ ಕಾಡು ಹುಲ್ಲುಗಾವಲಾಗಿ, ಒರತೆಗಳು ಬತ್ತಿದ್ದವು. ಅಲ್ಲಿ ಕಾಡನ್ನೇ ಮತ್ತೆ ಬೆಳೆಸೋಣವೆಂದವರು ಅವರ ಪತ್ನಿ ಲೀಲಿಯಾ. 1998ರಲ್ಲಿ ‘ಇನ್‌ಸ್ಟಿಟ್ಯೂಟೊ ಟೆರಾ’ ಸಂಸ್ಥೆ ಸ್ಥಾಪನೆಯಾಗಿ, 1999ರ ಡಿಸೆಂಬರಿನಲ್ಲಿ ನೆಡುವಿಕೆ ಆರಂಭವಾಯಿತು. ಮೊದಮೊದಲು ಬಹಳಷ್ಟು ಸಸಿಗಳು ಸತ್ತವು. ಮೇವಿಗೆಂದು ತಂದಿದ್ದ ಆಫ್ರಿಕದ ಬ್ರಾಕಿಯಾರಿಯಾ ಹುಲ್ಲಿನೊಡನೆ ವರ್ಷಗಟ್ಟಲೆ ಸೆಣಸಬೇಕಾಯಿತು. ಇಂದು ಆ ನೆಲದಲ್ಲಿ ನೆಟ್ಟ ಮರಗಳ ಸಂಖ್ಯೆ 20 ಲಕ್ಷವನ್ನು ಮೀರಿದೆ, ಒರತೆಗಳು ಮರಳಿವೆ.

ಈ ಕಾಡಿಗೆ ಹಣ ಹಲವು ಕಡೆಗಳಿಂದ ಬಂದಿತು. ಆರಂಭದ ಸಸಿಗಳನ್ನು ಕೊಟ್ಟದ್ದು ವಾಲೆ ಎಂಬ ಗಣಿ ಕಂಪನಿ. 2015ರ ನವೆಂಬರಿನಲ್ಲಿ, ಅದೇ ಕಂಪನಿಯ ಪಾಲುದಾರಿಕೆಯ ಸಮಾರ್ಕೊ ಗಣಿಯ ತ್ಯಾಜ್ಯದ ಕಟ್ಟೆ ಒಡೆದು 19 ಮಂದಿ ಮಡಿದರು. ಕೆಸರು ಐಮೊರೆಸ್ ಪಕ್ಕದ ಡೋಸೆ ನದಿಯಲ್ಲಿ ಹರಿದು ಕಡಲು ಸೇರಿತು. ಕಾಡಿಗೆ ನೆರವಾದ ಕೈಯೇ ನದಿಗೆ ಕೆಡುಕಾಗುವ ಇಂಥ ಸಂಕಟ, ಕುದುರೆಮುಖದ ಗಣಿಯನ್ನು ಕಂಡ ಮಲೆನಾಡಿಗರಿಗೆ ಅಪರಿಚಿತವಲ್ಲ. ಸ್ವಂತ ಚಿತ್ರ ಮಾರಿ ಬಂದ ಹಣಕ್ಕೆ ಮಹತ್ವವಿರುವುದು ಇಲ್ಲಿಯೇ. ಅದು ಚಿಕ್ಕದಿರಬಹುದು, ಆದರೆ ಬಾಯಿ ಕಟ್ಟುವುದಿಲ್ಲ. 2022ರಲ್ಲಿ ಸಲ್ಗಾಡೊ ಅವರ 50 ಚಿತ್ರಗಳನ್ನು ಸೋದಬೀಸ್ ಸಂಸ್ಥೆ ನ್ಯೂಯಾರ್ಕಿನಲ್ಲಿ ಈ ಕಾಡಿನ ನೆರವಿಗಾಗಿಯೇ ಮಾರಾಟಕ್ಕಿಟ್ಟಿತು. ಸಲ್ಗಾಡೊ 2025ರ ಮೇ ತಿಂಗಳಲ್ಲಿ ನಿಧನರಾದರು; ಕಾಡು ಬೆಳೆಯುತ್ತಲೇ ಇದೆ.

ಜಗತ್ಪ್ರಸಿದ್ಧರಿಗಷ್ಟೇ ಇದು ಸಾಧ್ಯವೆಂದು ತಿಳಿಯಬೇಕಿಲ್ಲ. 2020ರಲ್ಲಿ ಕೋವಿಡ್‌ನಿಂದ ಆಫ್ರಿಕದ ಅಭಯಾರಣ್ಯಗಳ ಪ್ರವಾಸಿ ಆದಾಯ ನಿಂತಾಗ, ಹಲವು ಛಾಯಾಗ್ರಾಹಕರು ‘ಪ್ರಿಂಟ್ಸ್ ಫಾರ್ ವೈಲ್ಡ್‌ಲೈಫ್’ ಹೆಸರಿನಲ್ಲಿ ತಲಾ ಒಂದು ಚಿತ್ರ ಕೊಟ್ಟರು. ಪ್ರತಿಯೊಂದಕ್ಕೂ 100 ಡಾಲರಿನ ಒಂದೇ ಬೆಲೆ. ಮೊದಲ ವರ್ಷವೇ 6 ಲಕ್ಷ ಡಾಲರಿಗೂ ಹೆಚ್ಚು ಕೂಡಿತು.

ಶಾಲೆಯಲ್ಲೋ ಊರಿನಲ್ಲೋ ಇಂಥ ಮಾರಾಟ ಏರ್ಪಡಿಸುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಚಿತ್ರದಲ್ಲಿ ವ್ಯಕ್ತಿಗಳಿದ್ದರೆ, ಅದನ್ನು ಮಾರುವ ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಒಲ್ಲೆನೆಂದರೆ ಅಲ್ಲಿಗೇ ಬಿಡಬೇಕು. ಮುದ್ರಣಕ್ಕೂ ಚೌಕಟ್ಟಿಗೂ ತಗಲಿದ ವೆಚ್ಚ, ಉಳಿದ ಹಣ ಎಷ್ಟೆಂಬುದನ್ನು ಊರವರು ಓದುವಂತೆ ಹಲಗೆಯ ಮೇಲೆ ಬರೆಯಬೇಕು. ಅಪರೂಪದ ಸೀತಾಳೆಯ, ಕಾಡುಪಾಪದ ನೆಲೆಯನ್ನು ಬಯಲುಮಾಡಬಾರದು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ಪ್ರತಿಯನ್ನು ಪರರಿಗೆ ಕಳುಹಿಸುವ ಮುನ್ನ ಅವನ್ನು ಅಳಿಸದಿದ್ದರೆ ಕಳ್ಳಬೇಟೆಗಾರನಿಗೆ ದಾರಿ ತೋರಿದಂತಾದೀತು.

ಕೊನೆಯ ಮಾತು ಕಾಲಾವಧಿಯದು. ಮಳೆಗಾಲದಲ್ಲಿ ಸಸಿ ನೆಡಲು ಹಣವೂ ಜನವೂ ಸುಲಭವಾಗಿ ದೊರೆಯುತ್ತವೆ. ಸಸಿ ಸಾಯುವುದು ಬೇಸಿಗೆಯಲ್ಲಿ. ಬೇಲಿ, ದರಕಿನ ಮುಚ್ಚಿಗೆ, ಯುಪಟೋರಿಯಂ ಕಳೆಯ ಸವರುವಿಕೆ, ಸತ್ತ ಜಾಗದಲ್ಲಿ ಮರುನೆಡುವಿಕೆ ಇವೆಲ್ಲ ಕನಿಷ್ಠ ಮೂರು ಬೇಸಿಗೆಗಳ ದುಡಿಮೆ. ಆದ್ದರಿಂದ ಚಿತ್ರ ಮಾರಿ ಬಂದ ಹಣವನ್ನು ಮೂರು ಪಾಲು ಮಾಡಿ, ಎರಡು ಪಾಲನ್ನು ಮುಂದಿನ ಬೇಸಿಗೆಗಳಿಗೆ ತೆಗೆದಿರಿಸುವುದು ಜಾಣತನ. ಯಾವ ಹೊಳೆಯ ಚಿತ್ರ ಮಾರಾಟವಾಯಿತೋ ಆ ಹೊಳೆಯ ದಂಡೆಯಲ್ಲಿ ನಾಲ್ಕನೆಯ ವರ್ಷವೂ ಸಸಿಗಳು ಚಿಗುರಿದ್ದರೆ, ಚಿತ್ರ ತೆಗೆದವರೂ ಕೊಂಡವರೂ ಮಾಡಿದ ಕಾರ್ಯ ಸಾರ್ಥಕವಾದಂತೆ.