ಮಿಕ್ಸಿ ಸದ್ದು ಮಾಡುತ್ತೆ, ಬ್ಲೇಡ್ ತಿರುಗಲ್ಲ: ಎಸೆಯೋ ಮೊದಲು ಈ ಪಾರ್ಟ್ ಹುಡುಕಿ

ಇವತ್ತಿನ ಎಪಿಸೋಡ್ ಅಡುಗೆಮನೆಯದ್ದು, ಆದರೆ ಅಡುಗೆ ಬಗ್ಗೆ ಅಲ್ಲ. ಮನೆಯಲ್ಲಿ ಹತ್ತು ಹದಿನೈದು ವರ್ಷದ ಹಳೇ ಮಿಕ್ಸಿ ಇದೆ ಅಂದ್ಕೊಳ್ಳಿ. ಸ್ವಿಚ್ ಹಾಕಿದರೆ ಮೋಟಾರ್ ಜೋರಾಗಿ ಕೂಗುತ್ತೆ, ಜಾರಿನೊಳಗಿನ ಕಾಯಿಚೂರು ಮಾತ್ರ ಕದಲಲ್ಲ. ರಬ್ಬರ್ ಸುಟ್ಟ ವಾಸನೆ ಬೇರೆ. 'ಮಿಕ್ಸಿ ಹೋಯ್ತು' ಅಂತ ಅಮ್ಮ ಹೇಳ್ತಾರೆ. ಫೋನ್ ಮಾಡಿ ಕೇಳಿದರೆ ಆ ಕಡೆಯಿಂದ 'ಆ ಮಾಡೆಲ್ ಈಗ ಬರ್ತಿಲ್ಲ, ಎಕ್ಸ್‌ಚೇಂಜ್ ಆಫರ್ ಇದೆ' ಅನ್ನೋ ಉತ್ತರ.

ಮಿಕ್ಸಿ ಹೋಗಿಲ್ಲ. ಹೆಚ್ಚಾಗಿ ಹೋಗಿರೋದು ಕಪ್ಲರ್. ಜಾರ್ ಎತ್ತಿದಾಗ ಕೆಳಗೆ ಹಲ್ಲು ಹಲ್ಲಾಗಿರೋ ಒಂದು ಕಪ್ಪು ಚಕ್ರ ಕಾಣುತ್ತಲ್ಲ, ಅದೇ. ಅದರ ಜೋಡಿ ಜಾರಿನ ತಳದಲ್ಲಿರುತ್ತೆ. ಮೋಟಾರಿನ ಶಕ್ತಿ ಬ್ಲೇಡಿಗೆ ದಾಟೋದು ಈ ಎರಡರ ಹಲ್ಲುಗಳ ಮೂಲಕ. ಹಲ್ಲು ಸವೆದರೆ ಮೋಟಾರ್ ತನ್ನಷ್ಟಕ್ಕೆ ತಾನು ತಿರುಗ್ತಿರುತ್ತೆ.

ಇದನ್ನ ರಬ್ಬರ್ ಅಥವಾ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು ಕಂಪನಿಯ ಜಿಪುಣತನ ಅಂತ ಬೈಯೋರಿದ್ದಾರೆ. ಆ ಬೈಗುಳ ಅಷ್ಟು ಸರಿ ಅಲ್ಲ. ಒಣ ಅರಿಶಿನದ ಕೊಂಬೋ, ಕೊಬ್ಬರಿ ಚೂರೋ ಬ್ಲೇಡಿಗೆ ಸಿಕ್ಕಿಹಾಕಿಕೊಂಡು ನಿಂತುಬಿಟ್ಟರೆ, ಎಲ್ಲೋ ಒಂದು ಕಡೆ ಸೋಲಲೇಬೇಕು. ಕಪ್ಲರ್ ಗಟ್ಟಿ ಲೋಹದ್ದಾಗಿದ್ದರೆ ಆ ಹೊಡೆತ ಪೂರ್ತಿ ಮೋಟಾರಿನ ಮೇಲೆ ಬೀಳುತ್ತೆ, ವೈಂಡಿಂಗ್ ಸುಟ್ಟುಹೋಗಬಹುದು. ಅಗ್ಗದ ಭಾಗ ಮೊದಲು ಸಾಯಲಿ, ದುಬಾರಿ ಭಾಗ ಉಳಿಯಲಿ ಅನ್ನೋ ಲೆಕ್ಕ ಅದು. ಹಾಗೆ ಸಾಯೋಕೇ ಇಟ್ಟ ಭಾಗ ಸತ್ತಿದ್ದಕ್ಕೆ ಇಡೀ ಮೆಷಿನ್ ಗುಜರಿಗೆ ಹಾಕೋದು ಯಾವ ನ್ಯಾಯ?

ಅಂಗಡಿಗೆ ಓಡೋ ಮೊದಲು ಪ್ಲಗ್ ತೆಗೆದು ಒಂದೆರಡು ವಿಷಯ ನೋಡಿ. ಮೋಟಾರಿನ ಸದ್ದೇ ಇಲ್ಲ ಅಂದ್ರೆ ಅದು ಕಪ್ಲರ್ ಸಮಸ್ಯೆ ಅಲ್ಲ. ಬಹಳ ಮಿಕ್ಸಿಗಳ ತಳದಲ್ಲಿ ಒಂದು ಪುಟ್ಟ ಕೆಂಪು ಬಟನ್ ಇರುತ್ತೆ, ಓವರ್‌ಲೋಡ್ ಆದಾಗ ಹೊರಗೆ ಬರುತ್ತೆ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಅದನ್ನ ಒತ್ತಿ, ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತೆ. ಇನ್ನೊಂದು, ಖಾಲಿ ಜಾರನ್ನ ತಲೆಕೆಳಗು ಮಾಡಿ ಅದರ ಕಪ್ಲರನ್ನ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಜಾರಿನ ಬುಷ್ ಹಿಡಿದುಕೊಂಡಿದೆ ಅಂತ ಅರ್ಥ. ಅದನ್ನ ಸರಿ ಮಾಡದೆ ಹೊಸ ಕಪ್ಲರ್ ಹಾಕಿದರೆ ಅದೂ ಬೇಗನೆ ಹೋಗುತ್ತೆ. ಇದನ್ನ ಮಾತ್ರ ಸ್ಕಿಪ್ ಮಾಡಬೇಡಿ.

ಈಗ ಹುಡುಕಾಟ. ನಮ್ಮ ಕೈ ಮೊದಲು ಹೋಗೋದು ಮೊಬೈಲಿಗೆ. ಸರ್ಚ್ ಮಾಡಿದರೆ ನೂರಾರು ಕಪ್ಲರ್ ಬರುತ್ತವೆ, ಫೋಟೋದಲ್ಲಿ ಎಲ್ಲವೂ ಅಣ್ಣ ತಮ್ಮಂದಿರು. ವ್ಯತ್ಯಾಸ ಇರೋದು ಹಲ್ಲಿನ ಸಂಖ್ಯೆಯಲ್ಲಿ, ಹೊರಗಿನ ಅಗಲದಲ್ಲಿ, ಎತ್ತರದಲ್ಲಿ, ನಡುವಿನ ಥ್ರೆಡ್‌ನಲ್ಲಿ. ಒಂದು ಮಿಲಿಮೀಟರ್ ಆಚೀಚೆ ಆದರೂ ಜಾರ್ ಕುಣಿಯೋಕೆ ಶುರುಮಾಡುತ್ತೆ. ಅದಕ್ಕೆ ಹಳೇ ಪಾರ್ಟನ್ನೇ ಕೈಯಲ್ಲಿ ಹಿಡ್ಕೊಂಡು ಹೋಗಿ. ಪುಡಿಯಾಗಿದ್ದರೆ ಚೂರುಗಳನ್ನೇ ಕವರಿಗೆ ಹಾಕ್ಕೊಳ್ಳಿ, ಜಾರನ್ನೂ ಜೊತೆಗೆ ಒಯ್ಯಿರಿ. ತಳದ ನೇಮ್‌ಪ್ಲೇಟ್ ಫೋಟೋ ತೆಗೆದಿಟ್ಟುಕೊಳ್ಳಿ, ಮಾಡೆಲ್ ಮತ್ತು ವ್ಯಾಟ್ ಅದರಲ್ಲಿರುತ್ತೆ.

ಎಲ್ಲಿಗೆ ಹೋಗೋದು? ಬೆಂಗಳೂರಿನವರಿಗೆ ಎಸ್.ಪಿ. ರೋಡ್ ನೆನಪಾಗುತ್ತೆ. ಆದರೆ ತಾಲ್ಲೂಕು ಕೇಂದ್ರದ ಪಾತ್ರೆ ಅಂಗಡಿಯಲ್ಲೂ ವಿಚಾರಿಸಿ. ಕುಕ್ಕರ್ ಗ್ಯಾಸ್ಕೆಟ್ ಮಾರೋರು, ಬ್ಲೇಡ್ ಸಾಣೆ ಹಿಡಿಯೋರು ಇರೋ ಕಡೆ ಸಾಮಾನ್ಯವಾಗಿ ಒಂದು ಡಬ್ಬಿ ತುಂಬ ಕಪ್ಲರ್ ಇರುತ್ತೆ. ಅವರ ಭಾಷೆಯಲ್ಲಿ ಮಾಡೆಲ್ ನಂಬರ್ ಇರಲ್ಲ, 'ಸುಮೀತ್ ಟೈಪ್', 'ಪ್ರೀತಿ ಟೈಪ್' ಅಂತಾರೆ. ನಿಮ್ಮ ಕಂಪನಿಯದ್ದು ಸಿಗದಿದ್ದರೂ ಅಳತೆ ಕೂಡಿಬಂದರೆ ಸಾಕು, ಓಡುತ್ತೆ. ಕೆಳಗಿನದು, ಮೇಲಿನದು ಎರಡನ್ನೂ ಒಟ್ಟಿಗೆ ಬದಲಾಯಿಸಿ. ಸವೆದ ಹಲ್ಲು ಹೊಸ ಹಲ್ಲನ್ನೂ ತಿಂದುಹಾಕುತ್ತೆ.

ಸುಮೀತ್ ಅಂದೆನಲ್ಲ, ಅದರ ಹಿಂದೆ ಒಂದು ಕಥೆ ಇದೆ. 1960ರ ದಶಕದ ಬಾಂಬೆ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿದ್ದ ಜರ್ಮನಿಯ ಬ್ರೌನ್ ಮಿಕ್ಸರ್ ಕೆಟ್ಟುಹೋಯ್ತು. ನಮ್ಮ ಮಸಾಲೆ, ನೆನೆಸಿದ ಬೇಳೆ ರುಬ್ಬೋಕೆ ಅದು ಹುಟ್ಟಿದ್ದೇ ಅಲ್ಲ, ಇಲ್ಲಿ ರಿಪೇರಿಯೂ ಆಗಲಿಲ್ಲ. ಹೆಂಡತಿ ಮಾಧುರಿ ಅವರಿಗೋಸ್ಕರ ಮಾಥುರ್ ತಾವೇ ಒಂದು ಗಟ್ಟಿ ಮಿಕ್ಸಿ ಮಾಡೋಕೆ ಹೊರಟರು, ಅದೇ ಸುಮೀತ್ ಆಯ್ತು. ಅಂದ್ರೆ ನಮ್ಮ ದೇಶದ ಮಿಕ್ಸಿ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಶುರುವಾಗಿದ್ದೇ ರಿಪೇರಿ ಆಗದ ಒಂದು ಮೆಷಿನ್‌ನಿಂದ!

ಸರ್ಕಾರವೂ ಈ ವಿಷಯಕ್ಕೆ ಕೈ ಹಾಕಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರೈಟ್ ಟು ರಿಪೇರ್', ಅಂದ್ರೆ ರಿಪೇರಿ ಮಾಡಿಸಿಕೊಳ್ಳೋ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಒಂದು ಪೋರ್ಟಲ್ ಕೂಡ ಬಂತು. ಮೊಬೈಲ್, ವಾಹನ, ಕೃಷಿ ಉಪಕರಣಗಳ ಜೊತೆ ಗೃಹಬಳಕೆ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ ಇರೋದು ಬೇರೆ, ಹಳೇ ಮಾಡೆಲ್ಲಿನ ಪಾರ್ಟ್ ಕೈಗೆ ಸಿಗೋದು ಬೇರೆ. ಸದ್ಯಕ್ಕೆ ನನ್ನ ನಂಬಿಕೆ ಜಾಸ್ತಿ ಇರೋದು ಆ ಡಬ್ಬಿ ಇಟ್ಕೊಂಡಿರೋ ಅಂಗಡಿಯವರ ಮೇಲೆ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೊನೆಗೆ, ಪಾರ್ಟ್ ತಂದು ಮನೆಯಲ್ಲೇ ಹಾಕ್ತೀರಾ? ಮತ್ತೆ ಹೇಳ್ತೀನಿ, ಪ್ಲಗ್ ತೆಗೆದಿರಲಿ. ಕೆಲವು ಮಿಕ್ಸಿಗಳಲ್ಲಿ ತಳದ ಮುಚ್ಚಳ ಬಿಚ್ಚಿ ಮೋಟಾರಿನ ಶಾಫ್ಟ್ ಹಿಡ್ಕೋಬೇಕಾಗುತ್ತೆ. ಥ್ರೆಡ್ ಇರೋ ಕಪ್ಲರ್ ಬಿಚ್ಚಿಕೊಳ್ಳೋದು ಮೋಟಾರ್ ತಿರುಗೋ ದಿಕ್ಕಿಗೇ ತಿರುಗಿಸಿದಾಗ. ಅದಕ್ಕೆ ಉಲ್ಟಾ ಕಡೆಗೆ ಎಷ್ಟು ಬಲ ಹಾಕಿದರೂ ಇನ್ನೂ ಬಿಗಿಯಾಗುತ್ತೆ ಅಷ್ಟೇ, ಯಾಕಂದ್ರೆ ರುಬ್ಬುವಾಗ ಕಳಚಿ ಬರಬಾರದು ಅಂತ ಥ್ರೆಡ್ ಹಾಗೆ ಮಾಡಿರ್ತಾರೆ. ಮೋಟಾರ್ ಯಾವ ಕಡೆ ತಿರುಗುತ್ತೆ ಅಂತ ಗೊತ್ತಾಗದಿದ್ದರೆ ಜಾರಿನೊಳಗೆ ಇಣುಕಿ ನೋಡಿ. ಬ್ಲೇಡಿನ ಹರಿತವಾದ ಅಂಚು ಯಾವ ಕಡೆ ಮುಂದಾಗಿದೆಯೋ ಅದೇ ದಿಕ್ಕು. ಬ್ಲೇಡ್ ಮುಟ್ಟೋದೇ ಆದರೆ ದಪ್ಪ ಬಟ್ಟೆ ಸುತ್ತಿಕೊಂಡು ಮುಟ್ಟಿ.

ಮುಂದಿನ ವಾರ ಸಿಗೋಣ.