ತ್ರಿಚಕ್ರ ವಾಹನವೂ ಶಿರಸ್ತ್ರಾಣವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ಇಂಥ ವೇದಿಕೆಯನ್ನೇರಿದರೆ ಕುಮಾರವ್ಯಾಸನ ವಿಚಾರವನ್ನೋ, ನಮ್ಮ ನೆಲದ ಪಾರ್ತಿಸುಬ್ಬನ ವಿಚಾರವನ್ನೋ ಹೇಳುವನೆಂದು ತಾವು ನಿರೀಕ್ಷಿಸಿರುವುದು ಸಹಜವೇ. ಹಿಂದಿನ ವರ್ಷಗಳಲ್ಲಿ ಹಾಗೆಯೇ ಮಾಡಿದ್ದೇನೆ. ಈ ಸಲ ಆಟೋರಿಕ್ಷಾದ ವಿಷಯವಾಗಿ ನಾಲ್ಕು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇನೆ. ಇದು ವಿದ್ವಾಂಸನಿಗೆ ತಕ್ಕ ವಿಷಯವೇ ಎಂದು ಅಧ್ಯಕ್ಷರು ಮೊದಲೇ ಕೇಳಿದರು. ಕೇಳಿಯಾದ ಮೇಲೆ ತಾವೇ ತೀರ್ಮಾನಿಸಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಲ್ಲಿಯೇ ಆಟೋ ಓಡಿಸಿ ಜೀವಿಸುತ್ತಾನೆ. ನಮ್ಮ ಶಾಲೆಯ ಎಳೆಯ ಮಕ್ಕಳನೇಕರು ಬೆಳಗ್ಗೆ ಸಂಜೆ ಅವನ ವಾಹನದಲ್ಲಿಯೇ ಬಂದು ಹೋಗುವವರು. ಕಳೆದ ಮಳೆಗಾಲದಲ್ಲಿ ಅವನು ಒಂದು ಕಾಗದವನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದನು. "ಮಾಷ್ಟ್ರೇ, ಆಟೋ ಓಡಿಸುವಾಗ ಹೆಲ್ಮೆಟ್ ಹಾಕಲಿಲ್ಲ ಎಂದು ದಂಡ ಬಂದಿದೆ. ಇದನ್ನು ಸ್ವಲ್ಪ ಓದಿ ಹೇಳಬೇಕು" ಎಂದನು. ಓದಿ ನೋಡಿದೆನು. ಯಾವನದೋ ಬೈಕಿನ ಸಂಖ್ಯೆಯಲ್ಲಿ ಒಂದಕ್ಷರವನ್ನು ತಪ್ಪಾಗಿ ಗ್ರಹಿಸಿ ಇವನ ತಲೆಗೆ ಕಟ್ಟಿದ್ದರು. ತಿದ್ದಿಸಲು ಒಂದು ಅರ್ಜಿ ಸಾಕೆಂದು ಬರೆದುಕೊಟ್ಟೆನು. ಅದು ಆಮೇಲೆ ಸರಿಯಾಯಿತು. ಆದರೆ ಹೊರಡುವಾಗ ಅವನು ಕೇಳಿದ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. "ಅಲ್ಲ ಮಾಷ್ಟ್ರೇ, ಬೈಕಿನವನಿಗೆ ಹೆಲ್ಮೆಟ್ ಬೇಕು, ನನಗೆ ಬೇಡ, ಯಾಕೆ? ಬಿದ್ದರೆ ನನ್ನದೂ ತಲೆಯೇ ಅಲ್ಲವಾ?"

ಉತ್ತರವು 1988ರ ಮೋಟಾರು ವಾಹನಗಳ ಅಧಿನಿಯಮದಲ್ಲಿದೆ. ಅದರ 129ನೆಯ ಕಲಮು 'ಮೋಟಾರ್ ಸೈಕಲ್' ಏರಿದವರೆಲ್ಲರೂ ಶಿರಸ್ತ್ರಾಣ ಧರಿಸಬೇಕೆಂದು ವಿಧಿಸುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ಅಲ್ಲಿ ವಿನಾಯಿತಿಯಿದೆ. ಈ ವಿಧಿಯನ್ನು ಮೀರಿದವನಿಗೆ 2019ರ ತಿದ್ದುಪಡಿಯ ಪ್ರಕಾರ ಸಾವಿರ ರೂಪಾಯಿ ದಂಡವೂ, ಮೂರು ತಿಂಗಳ ಕಾಲ ಪರವಾನಿಗೆಗೆ ಅನರ್ಹತೆಯೂ ಇವೆ. ಹಾಗಾದರೆ ಮೋಟಾರ್ ಸೈಕಲ್ ಎಂದರೇನು? ಎರಡನೆಯ ಕಲಮು ಹೇಳುವುದು: ಎರಡು ಚಕ್ರಗಳ ಮೋಟಾರು ವಾಹನ, ಅದರ ಪಾರ್ಶ್ವಕ್ಕೆ ತಗುಲಿಸಿ ಬಿಚ್ಚಬಹುದಾದ, ಒಂದು ಹೆಚ್ಚಿನ ಚಕ್ರವುಳ್ಳ ಪಕ್ಕದ ತೊಟ್ಟಿಲೂ ಅದರಲ್ಲಿಯೇ ಸೇರಿತು. ಗಮನಿಸಬೇಕು. ಹಳೆಯ ಚಲನಚಿತ್ರಗಳಲ್ಲಿ ತಾವು ಕಂಡಿರುವ ಆ ತೊಟ್ಟಿಲಿನ ಬಂಡಿಗೂ ಚಕ್ರಗಳು ಮೂರೇ. ಆದರೂ ಅದು ಮೋಟಾರ್ ಸೈಕಲ್. ಓಡಿಸುವವನಿಗೆ ಶಿರಸ್ತ್ರಾಣ ಕಡ್ಡಾಯ, ತೊಟ್ಟಿಲಲ್ಲಿ ಕುಳಿತವನಿಗೆ 2019ರ ತಿದ್ದುಪಡಿಗೆ ಮೊದಲು ಮಾಫಿಯಿತ್ತು. ಆಟೋರಿಕ್ಷಾದ ಮೂರನೆಯ ಚಕ್ರವನ್ನು ಬಿಚ್ಚಲು ಬರುವುದಿಲ್ಲವಾದ ಕಾರಣ ಅದು ಮೋಟಾರ್ ಸೈಕಲ್ ಅಲ್ಲ. ಇಷ್ಟೇ ಕಾರಣ. ಆಟೋದಲ್ಲಿ ತಲೆಗೆ ಅಪಾಯವಿಲ್ಲವೆಂದು ಶಾಸನವು ಎಲ್ಲಿಯೂ ಹೇಳಿಲ್ಲ.

'ತ್ರಿಚಕ್ರ' ಎಂಬ ಪದವನ್ನು ತರಗತಿಯಲ್ಲಿ ಬಿಡಿಸುವಾಗ, ಮೂರು ಚಕ್ರಗಳು ಯಾವುದಕ್ಕೆ ಉಂಟೋ ಅದು, ಬಹುವ್ರೀಹಿ ಸಮಾಸ, ಎಂದು ಹೇಳಿಕೊಡುತ್ತೇವೆ. ಬಹುವ್ರೀಹಿಯಲ್ಲಿ ಪೂರ್ವಪದವೂ ಪ್ರಧಾನವಲ್ಲ, ಉತ್ತರಪದವೂ ಪ್ರಧಾನವಲ್ಲ. ಅನ್ಯಪದದ ಅರ್ಥವೇ ಪ್ರಧಾನ. ಈ ಹೆಸರು ಚಕ್ರಗಳ ಲೆಕ್ಕವನ್ನು ಕೊಡುತ್ತದೆ. ಆ ಅನ್ಯವಸ್ತು ಮುಚ್ಚಿದ ಪೆಟ್ಟಿಗೆಯೋ ತೆರೆದ ಗಾಡಿಯೋ ಎಂಬುದನ್ನು ಹೇಳದೆ ಬಿಡುತ್ತದೆ. ಲೋಕದ ಕಾನೂನುಗಳೆಲ್ಲ ಮುಗ್ಗರಿಸಿರುವುದು ಇಲ್ಲಿಯೇ.

ನಮ್ಮ ತರ್ಕಶಾಸ್ತ್ರದವರು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದ್ದಾರೆ. ಗೋವೆಂದರೆ ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬಂದಿತು, ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯಿತು, ಅದು ಅವ್ಯಾಪ್ತಿ. ಒಂಟಿಗೊರಸುಳ್ಳದ್ದು ಎಂದರೆ ಯಾವ ಹಸುವೂ ಸಿಕ್ಕದು; ಅಸಂಭವ. ಗಂಗೆದೊಗಲುಳ್ಳದ್ದು ಎಂದಾಗ ಮಾತ್ರ ಲಕ್ಷಣವು ನಿಲ್ಲುತ್ತದೆ. ವಾಹನಗಳಿಗೆ ಅಂಥ ಗಂಗೆದೊಗಲನ್ನು ಹುಡುಕಲು ಪಾಶ್ಚಾತ್ಯರು ಪಟ್ಟ ಪಾಡು ಸ್ವಾರಸ್ಯವಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ಹಣವೂ ಇಂಧನವೂ ಬಿಗಿಯಾಗಿದ್ದಾಗ ಮುಚ್ಚಿದ ಪುಟ್ಟ ವಾಹನಗಳು ಹುಟ್ಟಿದವು. ನಮ್ಮ ಆಟೋವಿನ ಹಿರಿಯಕ್ಕನೂ ಅಲ್ಲಿಯವಳೇ. ಇಟಲಿಯ ಪಿಯಾಜಿಯೊ ಕಾರ್ಖಾನೆಯು 1946ರಲ್ಲಿ ವೆಸ್ಪಾ ಎಂಬ ಸ್ಕೂಟರನ್ನೂ, ಬೇಗನೆ ಅದರ ಬೆನ್ನಿಗೇ ಆಪೆ ಎಂಬ ಮೂರು ಚಕ್ರದ ಗಾಡಿಯನ್ನೂ ಹೊರತಂದಿತು. ವೆಸ್ಪಾ ಎಂದರೆ ಕಣಜದ ಹುಳು, ಆಪೆ ಎಂದರೆ ಜೇನ್ನೊಣ. ಸದ್ದನ್ನು ಕೇಳಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಮೂರು ಚಕ್ರವಿದ್ದು ತೂಕವು ಎಂಟು ಹಂಡ್ರೆಡ್‌ವೇಟ್, ಎಂದರೆ ಸುಮಾರು 406 ಕಿಲೋಗ್ರಾಮಿನೊಳಗೆ ಇದ್ದರೆ ಆ ವಾಹನಕ್ಕೆ ಮೋಟಾರ್ ಸೈಕಲಿನ ತೆರಿಗೆಯಿತ್ತು. ಓಡಿಸಲು ಮೋಟಾರ್ ಸೈಕಲಿನ ಪರವಾನಿಗೆಯೇ ಸಾಕಾಗಿತ್ತು. ರಿಲಯಂಟ್ ಎಂಬ ಕಂಪನಿಯು ಗಾಜಿನ ನಾರಿನ ಮೈಯನ್ನು ಹೊದಿಸಿ, ನಾಲ್ವರು ಕೂರುವ ಮೂರು ಚಕ್ರದ ಕಾರುಗಳನ್ನೇ ಈ ತೂಕದೊಳಗೆ ಕಟ್ಟಿತು. ಇನ್ನೂ ಒಂದು ನಿಯಮವಿತ್ತು: ಹಿಂದಕ್ಕೆ ಚಲಿಸುವ ಗೇರು ಇರಕೂಡದು! ಬ್ರೈಟನ್ ನಗರದ ಹಳೆಯ ರೈಲು ಕಾರ್ಖಾನೆಯಲ್ಲಿ 1957ರಿಂದ ಇಸೆಟ್ಟಾ ಎಂಬ ಮೊಟ್ಟೆಯಾಕಾರದ ವಾಹನವನ್ನು ತಯಾರಿಸುತ್ತಿದ್ದರು. ಅದಕ್ಕೆ ಬಾಗಿಲು ಒಂದೇ, ಅದೂ ಮುಂಭಾಗದಲ್ಲಿ. ಪರವಾನಿಗೆಯ ಸಲುವಾಗಿ ಹಿಂದಿನ ಗೇರನ್ನು ಮುಚ್ಚಿಬಿಡುತ್ತಿದ್ದರು. ಗೋಡೆಗೆ ಎದುರಾಗಿ ಒಳಗೆ ನಿಲ್ಲಿಸಿದವನು ಬಾಗಿಲನ್ನೂ ತೆರೆಯಲಾರದೆ, ಹಿಂದಕ್ಕೂ ಹೋಗಲಾರದೆ ಸಿಕ್ಕಿಬಿದ್ದ ಕಥೆಗಳನ್ನು ಅಲ್ಲಿನವರು ನಗುತ್ತ ಹೇಳುವುದುಂಟು. ನಮ್ಮ ಅಭಿಮನ್ಯುವಿನ ಪಾಡು! ಶಿರಸ್ತ್ರಾಣವು ಆ ದೇಶದಲ್ಲಿ 1973ರಲ್ಲಿ ಕಡ್ಡಾಯವಾದಾಗ ಅದು ಎರಡು ಚಕ್ರದವರಿಗೆ ಮಾತ್ರ ತಗುಲಿತು. 2000ದಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯು ಮಾಡನ್ನೂ ಆಸನಪಟ್ಟಿಗಳನ್ನೂ ಜೋಡಿಸಿದ ಸಿ-1 ಎಂಬ ಸ್ಕೂಟರನ್ನು ಮಾರಾಟಕ್ಕಿಟ್ಟಿತು. ಪಟ್ಟಿ ಬಿಗಿದು ಕುಳಿತವನಿಗೆ ಶಿರಸ್ತ್ರಾಣ ಬೇಡವೆಂದು ಜರ್ಮನಿ ಒಪ್ಪಿತು, ಬ್ರಿಟನ್ ಒಪ್ಪಲಿಲ್ಲ. ವಾಹನವೂ ಒಂದೇ, ತಲೆಯೂ ಒಂದೇ, ಲಕ್ಷಣ ಬೇರೆ.

ಅಮೆರಿಕದ ಪೇಚು ಇದಕ್ಕೆ ವಿಪರೀತವಾದುದು. ಅಲ್ಲಿನ ಕೇಂದ್ರ ಸರಕಾರದ ನಿಯಮದಂತೆ, ಸವಾರನಿಗೆ ಪೀಠವೋ ಜೀನೋ ಇದ್ದು ಮೂರಕ್ಕಿಂತ ಹೆಚ್ಚು ಚಕ್ರಗಳು ನೆಲವನ್ನು ಮುಟ್ಟದ ಮೋಟಾರು ವಾಹನವೆಲ್ಲವೂ ಮೋಟಾರ್ ಸೈಕಲ್. ಶುದ್ಧ ಅತಿವ್ಯಾಪ್ತಿ! ಗಾಜು, ಬಾಗಿಲು, ಮಾಡು ಎಲ್ಲವೂ ಇರುವ ವಾಹನವು ಕೂಡ, ಚಕ್ರ ಮೂರಾದರೆ, ಮೋಟಾರ್ ಸೈಕಲ್ ಎನಿಸಿತು. ಇದರಿಂದ ಎರಡು ಫಲಗಳು. ಕಾರುಗಳಿಗೆ ವಿಧಿಸಿದ ಅಪಘಾತ ರಕ್ಷಣೆಯ ಕಟ್ಟುಪಾಡುಗಳು ಅದಕ್ಕೆ ಅನ್ವಯಿಸುವುದಿಲ್ಲ. ಇತ್ತ ಪರವಾನಿಗೆಯ ಮತ್ತು ಶಿರಸ್ತ್ರಾಣದ ನಿಯಮಗಳು ರಾಜ್ಯಗಳ ಕೈಯಲ್ಲಿರುವುದರಿಂದ, ಪೆಟ್ಟಿಗೆಯೊಳಗೆ ಕುಳಿತವನೂ ಕೆಲವೆಡೆ ಶಿರಸ್ತ್ರಾಣ ಧರಿಸಬೇಕಾಯಿತು.

ಕ್ಯಾಲಿಫೋರ್ನಿಯ ರಾಜ್ಯದ ಹಾಲಿಸ್ಟರ್ ಊರಿನಲ್ಲಿ 1999ರಲ್ಲಿ ವಿದ್ಯುತ್ತಿನಿಂದ ಓಡುವ, ಒಬ್ಬನೇ ಕೂರುವ ಮುಚ್ಚಿದ ತ್ರಿಚಕ್ರವೊಂದು ತಯಾರಾಗತೊಡಗಿತು. ಅದಕ್ಕೆ ಗುಬ್ಬಚ್ಚಿ ಎಂಬ ಅರ್ಥದ ಸ್ಪ್ಯಾರೋ ಎಂದು ಹೆಸರು. ಆ ರಾಜ್ಯದ ಶಾಸನವು ಅಳತೆಗೋಲನ್ನೇ ಹಿಡಿದಿದೆ: ಪೂರ್ಣವಾಗಿ ಮುಚ್ಚಿದ ತ್ರಿಚಕ್ರವು ಏಳು ಅಡಿಗಿಂತ ಕಡಮೆಯಿಲ್ಲದ ಉದ್ದ, ನಾಲ್ಕು ಅಡಿಗಿಂತ ಕಡಮೆಯಿಲ್ಲದ ಅಗಲ, 900 ಪೌಂಡಿಗೆ, ಎಂದರೆ ಸುಮಾರು 408 ಕಿಲೋಗ್ರಾಮಿಗೆ ಕಡಮೆಯಿಲ್ಲದ ತೂಕ ಉಳ್ಳದ್ದಾಗಿ, ಸುರಕ್ಷತೆಯ ನಿಯಮಗಳನ್ನು ಪಾಲಿಸಿದ್ದರೆ ಒಳಗಿನವರಿಗೆ ಶಿರಸ್ತ್ರಾಣ ಬೇಡ. ಓಡಿಸಲು ಕಾರಿನ ಪರವಾನಿಗೆ ಸಾಕು. ಆಮೇಲೆ ಈಲಿಯೋ ಎಂಬ ಕಂಪನಿಯೊಂದು ಮುಂದೊಬ್ಬರು ಹಿಂದೊಬ್ಬರು ಕೂರುವ ಮುಚ್ಚಿದ ತ್ರಿಚಕ್ರವನ್ನು ಅಗ್ಗದ ಬೆಲೆಗೆ ಕೊಡುವೆನೆಂದು ಸಾರಿ, ರಾಜ್ಯ ರಾಜ್ಯಗಳ ಶಾಸನಸಭೆಗಳ ಬಾಗಿಲಿಗೆ ಹೋಗಿ ವಿನಾಯಿತಿ ಕೇಳಿತು. 'ಆಟೋಸೈಕಲ್' ಎಂಬ ಹೊಸ ವರ್ಗವು ಅನೇಕ ಕಡೆ ಶಾಸನದೊಳಗೆ ಬಂದಿತು. ಆದರೆ ಆ ವಾಹನವು ಕಾರ್ಖಾನೆಯಿಂದ ಗಿರಾಕಿಗಳ ಕೈಗೆ ಬರಲೇ ಇಲ್ಲ! ಟೆಕ್ಸಾಸಿನಲ್ಲಿ ಇನ್ನೊಂದು ವಿನೋದ. ಸ್ಲಿಂಗ್‌ಶಾಟ್ ಎಂಬ ತ್ರಿಚಕ್ರ (ಇದು ತೆರೆದ ವಾಹನ) 2014ರಲ್ಲಿ ಬಂದಾಗ, ಇದರಲ್ಲಿ ಕಾಲು ಚಾಚಿ ಕೂರುವ ಕುರ್ಚಿಯಿದೆ, ಕುದುರೆಯ ಮೇಲಿನಂಥ ಜೀನಿಲ್ಲ, ಆದುದರಿಂದ ಮೋಟಾರ್ ಸೈಕಲ್ ಅಲ್ಲ ಎಂದು ಅಧಿಕಾರಿಗಳು ನೋಂದಣಿಯನ್ನೇ ತಡೆದರು. ಮರುವರ್ಷ ಕಾನೂನು ತಿದ್ದಿದ ಮೇಲೆ ಅದು ಬೀದಿಗಿಳಿಯಿತು.

ಇವರ ಪೇಚಾಟವನ್ನು ಕಂಡು ನಗಬಹುದು. ಆದರೆ ಕ್ಯಾಲಿಫೋರ್ನಿಯದ ಆ ಅಳತೆಗೋಲಿನಲ್ಲಿ ಒಂದು ನ್ಯಾಯವಿದೆಯೆಂದು ನನಗೆ ತೋರುತ್ತದೆ. ತಲೆಯ ಮೇಲಿನ ಕವಚವನ್ನು ತೆಗೆಯಬೇಕಾದರೆ ಆ ಕವಚದ ಕೆಲಸವನ್ನು ವಾಹನದ ಮೈಯು ಮಾಡಬೇಕು ಎಂದು ಅದು ಕೇಳುತ್ತದೆ. ನಮ್ಮಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ. ನಮ್ಮ ಆಟೋಗಳಿಗೆ ಮೇಲೆ ಬಟ್ಟೆಯ ಮಾಡು, ಎರಡೂ ಬದಿ ಬಯಲು. ಪಟ್ಟಿ ಕಟ್ಟಿದ ಆಟೋವನ್ನು ಈ ಊರಿನಲ್ಲಿ ನಾನು ಕಂಡಿಲ್ಲ.

ಈಗ ಪರವಾನಿಗೆಯ ಮಾತು. ಇದು ಮನೆಮನೆಗೂ ಬೇಕಾದದ್ದು, ಸ್ವಲ್ಪ ಕಿವಿಗೊಡಬೇಕು. ಅಧಿನಿಯಮದ ಹತ್ತನೆಯ ಕಲಮಿನ ಪಟ್ಟಿಯಲ್ಲಿ ಆಟೋರಿಕ್ಷಾ ಎಂಬ ಹೆಸರೇ ಇಲ್ಲ. ಲಘು ಮೋಟಾರು ವಾಹನವೆಂದು ಒಂದು ವರ್ಗ, ಸಾರಿಗೆ ವಾಹನವೆಂದು ಇನ್ನೊಂದು. ಬಾಡಿಗೆಯ ಆಟೋ ತೂಕದಲ್ಲಿ ಮೊದಲನೆಯದು, ಉದ್ಯೋಗದಲ್ಲಿ ಎರಡನೆಯದು. 1994ರ ತಿದ್ದುಪಡಿಯಲ್ಲಿ ಈ ಎರಡನೆಯ ಹೆಸರು ಸೇರಿದಂದಿನಿಂದ ವಿಮಾ ಕಂಪನಿಗಳಿಗೆ ಒಂದು ನೆವ ಸಿಕ್ಕಿತು: ಚಾಲಕನ ಬಳಿ ಲಘು ವಾಹನದ ಪರವಾನಿಗೆಯಿದೆ, ಸಾರಿಗೆಯ ಒಕ್ಕಣೆಯಿಲ್ಲ, ಆದುದರಿಂದ ಪರಿಹಾರ ಕೊಡೆವು ಎಂದು. ಸತ್ತವನ ಮನೆಯವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮುಕುಂದ ದೇವಾಂಗನ್ ಮೊಕದ್ದಮೆಯಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು 7,500 ಕಿಲೋಗ್ರಾಮಿನವರೆಗಿನ ಸಾರಿಗೆ ವಾಹನಕ್ಕೆ ಲಘು ವಾಹನದ ಪರವಾನಿಗೆಯೇ ಸಾಕೆಂದಿತು. ಸಂದೇಹವೆದ್ದು ವಿಷಯವು ಐವರು ನ್ಯಾಯಾಧೀಶರ ಪೀಠಕ್ಕೆ ಹೋಗಿ, 2024ರ ನವೆಂಬರ್ 6ರಂದು ಅದೇ ತೀರ್ಪು ಸ್ಥಿರವಾಯಿತು. ವಿದ್ಯುತ್ ರಿಕ್ಷಾಗಳಿಗೆ 2015ರಿಂದಲೇ ಬೇರೆ ನಿಯಮವಿದೆ.

ಆದರೆ ಇಲ್ಲಿ ಒಂದು ಬಲೆಯಿದೆ. ಆಟೋದಲ್ಲಿರುವುದು ಸ್ಕೂಟರಿನಂಥ ಹ್ಯಾಂಡಲ್. ಬೈಕಿನ ಪರವಾನಿಗೆಯುಳ್ಳ ತರುಣನು, ಇದೂ ಅದೇ ಅಲ್ಲವೇ ಎಂದು, ಅಣ್ಣನ ಆಟೋವನ್ನೋ ಮಾವನ ಆಟೋವನ್ನೋ ತೆಗೆದುಕೊಂಡು ಹೊರಡುತ್ತಾನೆ. ಕೈಗೆ ಅದು ಸ್ಕೂಟರೇ ಆದರೂ ಶಾಸನಕ್ಕೆ ಅಲ್ಲ. ಕೊಟ್ಟ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡವೋ, ಮೂರು ತಿಂಗಳವರೆಗೆ ಸೆರೆವಾಸವೋ, ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿಯು ಗಾಯಗೊಂಡವನಿಗೆ ಮೊದಲು ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯವು ಆಜ್ಞಾಪಿಸಬಹುದು. 2004ರ ಸ್ವರ್ಣ ಸಿಂಗ್ ತೀರ್ಪಿನಿಂದ ಆ ದಾರಿ ಸ್ಪಷ್ಟವಾಗಿದೆ. ಸಾಲ ಮಾಡಿ ಕೊಂಡ ಆಟೋ, ಅಡವಿಟ್ಟ ಐದು ಸೆಂಟ್ಸ್ ಜಾಗ, ಎಲ್ಲವೂ ಅದರಲ್ಲಿ ಹೋದೀತು. ನಮ್ಮವರ ಮನೆಗಳಲ್ಲಿ ಇಂಥ ತರುಣರಿದ್ದಾರೆ. ಕೆಲವರು ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಗಡಿಯವರಾದ ನಮಗೆ ಇನ್ನೊಂದು ಸೂಕ್ಷ್ಮ. ಚಾಲಕನ ಪರವಾನಿಗೆಯು ಭಾರತದಾದ್ಯಂತ ಸಲ್ಲುತ್ತದೆ. ಆಟೋವಿನ ರಹದಾರಿಯಾದರೋ ನೆರೆರಾಜ್ಯದ ಮೇಲುರುಜು ಇಲ್ಲದೆ ತಲಪಾಡಿಯನ್ನು ದಾಟಲಾರದು. ಮನುಷ್ಯನು ಮಂಗಳೂರಿಗೆ ಹೋಗಬಹುದು, ಅವನ ಮೂರು ಚಕ್ರಗಳು ಹೋಗಕೂಡದು. ರಹದಾರಿಯಿಲ್ಲದೆ ದಾಟಿದ ವಾಹನಕ್ಕೆ ಅಪಘಾತವಾದರೆ ವಿಮೆಯವರಿಗೆ ಮತ್ತೊಂದು ಆಕ್ಷೇಪ ಸಿಕ್ಕಿದಂತೆ.

ಕೊನೆಗೆ ಮಕ್ಕಳ ಮಾತಿಗೆ ಬರುತ್ತೇನೆ. ಈ ವಿಷಯವನ್ನೆತ್ತಿದ್ದೇ ಅದಕ್ಕಾಗಿ. ತಂದೆಯ ಬೈಕಿನ ಹಿಂದೆ ಕೂರುವ ಮಗುವಿಗೆ ನಾಲ್ಕು ವರ್ಷ ದಾಟಿದ್ದರೆ ಶಿರಸ್ತ್ರಾಣ ಬೇಕು. ಅದಕ್ಕಿಂತ ಚಿಕ್ಕ ಮಗುವಾದರೆ ಕಟ್ಟುಪಟ್ಟಿಯೂ ಬೇಕು, ವೇಗವು ಗಂಟೆಗೆ 40 ಕಿಲೋಮೀಟರು ಮೀರಕೂಡದು ಎಂಬ ನಿಯಮವು 2022ರಲ್ಲಿ ಪ್ರಕಟವಾಯಿತು. ಅದೇ ಮಗು ಆಟೋ ಏರಿದೊಡನೆ ಇವೆಲ್ಲವೂ ಉದುರಿಹೋಗುತ್ತವೆ. ಹಿಂದೆ ಸ್ಥಳ ಸಾಲದೆ ಚಾಲಕನ ಇಕ್ಕೆಲಗಳಲ್ಲಿ ಒಂದೊಂದು ಮಗು, ಚೀಲಗಳು ಹೊರಗೆ ತೂಗಾಡುತ್ತ ಬರುವುದನ್ನು ಶಾಲೆಯ ಗೇಟಿನಲ್ಲಿ ನಿಂತು ದಿನವೂ ನೋಡುವವನು ನಾನು. ಸರಕಿನ ಆಟೋದಲ್ಲಿ ಚಾಲಕನ ಆಸನವನ್ನು ಹಂಚಿಕೊಂಡು ಕುಳಿತವನಿಗೆ ವಿಮೆಯ ರಕ್ಷಣೆಯಿಲ್ಲವೆಂದು ಕೇರಳದ ಉಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪು ಕೊಟ್ಟಿದೆ. ಚಾಲಕನ ಆಸನವು ಒಬ್ಬನದು.

ಮಕ್ಕಳಿಗೆ ಆಟೋದಲ್ಲಿಯೂ ಶಿರಸ್ತ್ರಾಣ ತೊಡಿಸಿರಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಸುಧಾರಣೆ ನನ್ನಿಂದಾಗದು. ನನ್ನ ವಿದ್ಯಾರ್ಥಿಗೆ ಇದನ್ನೆಲ್ಲ ವಿವರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಮಾಷ್ಟ್ರೇ, ಮುಂದೆ ಕೂರಿಸುವುದು ನನಗೂ ಇಷ್ಟವಿಲ್ಲ. ಕೂರಿಸದಿದ್ದರೆ ಎರಡು ಟ್ರಿಪ್ ಹೊಡೆಯಬೇಕು. ತಿಂಗಳ ಬಾಡಿಗೆ ಹೆಚ್ಚು ಕೇಳಿದರೆ ಮನೆಯವರು ಬೇರೆ ಆಟೋ ನೋಡುತ್ತಾರೆ" ಎಂದನು. ಅದೂ ಸತ್ಯವೇ. ಹಾಗಿದ್ದರೂ ಅವನು ಬಲಬದಿಯ ಬಯಲಿಗೆ ಅಡ್ಡಕಂಬಿ ಹಾಕಿಸಿದ್ದಾನೆ. ಈ ತಿಂಗಳ ಮೊದಲಿನಿಂದ ಎರಡು ಟ್ರಿಪ್ ಹೊಡೆಯುತ್ತಿದ್ದಾನೆ. ಹೆಚ್ಚಿನ ಬಾಡಿಗೆಗೆ ಇದುವರೆಗೆ ಒಪ್ಪಿದವರು ನಾಲ್ಕು ಮನೆಯವರು. ಉಳಿದ ಪಾಲಕರನ್ನು ಕಂಡು ಮಾತನಾಡಲು ಅವನು ಆಟೋವನ್ನು ಹೊರಗೆ ಮಾವಿನ ಮರದಡಿ ನಿಲ್ಲಿಸಿಕೊಂಡು ಕಾದಿದ್ದಾನೆ. ಸಭೆ ಮುಗಿದೊಡನೆ ದಯವಿಟ್ಟು ಅವನನ್ನು ಕಂಡು ಹೋಗಬೇಕು.