ಎಕ್ಸ್‌ರೇ ಫಿಲ್ಮ್‌ನಲ್ಲಿ ಅಜ್ಜಿಯ ಫೋಟೋ

ನಿಮ್ಮ ಫೋನಲ್ಲಿ ಎಷ್ಟು ಫೋಟೋ ಇದೆ, ಒಮ್ಮೆ ನೋಡಿ. ನನ್ನ ಫೋನಲ್ಲಿ 11 ಸಾವಿರ ಇತ್ತು. ಅದರಲ್ಲಿ ಅಜ್ಜಿಯದು ಒಂದೂ ಸರಿಯಾಗಿರಲಿಲ್ಲ. ಅಜ್ಜಿಗೆ 88 ವರ್ಷ. ಅದಕ್ಕೇ ಹಳೇದೊಂದು 4×5 ಇಂಚಿನ ಕ್ಯಾಮೆರಾ ಹೊತ್ತುಕೊಂಡು ಊರಿಗೆ ಹೋದೆ. ಫಿಲ್ಮ್ ಯಾವುದು ಗೊತ್ತಾ? ಎಕ್ಸ್‌ರೇ ಫಿಲ್ಮ್!

'ಅದರಲ್ಲಿ ಮೂಳೆ ತಾನೇ ಬರೋದು?' ಅಂತ ಎಲ್ಲರೂ ಕೇಳ್ತಾರೆ. ಮಜಾ ಇರೋದೇ ಇಲ್ಲಿ. ಎಕ್ಸ್‌ರೇ ಕ್ಯಾಸೆಟ್ ಒಳಗೆ ಫಿಲ್ಮ್‌ನ ಎರಡೂ ಪಕ್ಕ ಒಂದೊಂದು ಸ್ಕ್ರೀನ್ ಇರುತ್ತೆ. ಎಕ್ಸ್‌ರೇ ಬಿದ್ದಾಗ ಆ ಸ್ಕ್ರೀನ್ ನೀಲಿ ಅಥವಾ ಹಸಿರು ಬೆಳಕು ಬಿಡುತ್ತೆ. ಫಿಲ್ಮ್ ಮುಖ್ಯವಾಗಿ ಹಿಡಿಯೋದು ಆ ಬೆಳಕನ್ನೇ. ಅಂದ್ರೆ ಇದು ಬೆಳಕಿನ ಫಿಲ್ಮೇ. ಮಾಮೂಲಿ ಶೀಟ್ ಫಿಲ್ಮ್‌ಗಿಂತ ತುಂಬಾ ಅಗ್ಗ. 8×10 ಇಂಚಿನ ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿ, ಅಂಚು ಸ್ವಲ್ಪ ಕತ್ತರಿಸಿದರೆ ಹೋಲ್ಡರ್‌ಗೆ ಸರಿಹೋಗುತ್ತೆ.

ಒಂದು ಮಾತು. ಈಗ ಸ್ಕ್ಯಾನ್ ಮಾಡಿಸಿದಾಗ ಕೊಡೋ ಡ್ರೈ ಪ್ರಿಂಟ್ ಫಿಲ್ಮ್ ಇದಕ್ಕೆ ಆಗಲ್ಲ. ಕೆಮಿಕಲ್‌ನಲ್ಲಿ ತೊಳೆಯೋ ಹಳೇ ಥರದ್ದೇ ಬೇಕು.

ಜಗಲಿಯಲ್ಲಿ ಅಜ್ಜಿನ ಕೂರಿಸಿದೆ. ಸಂಜೆ ನೆರಳು, ಐಎಸ್ಒ 80 ಅಂತ ಲೆಕ್ಕ, ಅರ್ಧ ಸೆಕೆಂಡ್ ಎಕ್ಸ್‌ಪೋಷರ್. ನನ್ನ ಹತ್ರ ಇದ್ದದ್ದು ನಾಲ್ಕೇ ತುಂಡು. ಕಪ್ಪು ಬಟ್ಟೆಯೊಳಗೆ ನಾನು ತಲೆ ತೂರಿಸಿದ್ದು ನೋಡಿ ಅಜ್ಜಿ ನಕ್ಕುಬಿಟ್ರು. 'ಕಳ್ಳನ ಹಾಗೆ ಕಾಣ್ತೀಯಲ್ಲೋ!'

ರಾತ್ರಿ ಬಚ್ಚಲುಮನೆಯೇ ಡಾರ್ಕ್‌ರೂಮ್. ನನ್ನದು ಹಸಿರು ಹಿಡಿಯೋ ಫಿಲ್ಮ್, ಅದಕ್ಕೆ ಕೆಂಪು ಕಾಣಲ್ಲ. ಹಾಗಾಗಿ ಕೆಂಪು ಸೇಫ್‌ಲೈಟ್ ಹಾಕಿಕೊಂಡು ಚಿತ್ರ ಮೂಡೋದನ್ನ ಕಣ್ಣಾರೆ ನೋಡಬಹುದು. ಫೋನ್ ಮಾತ್ರ ಹೊರಗಿಡಿ, ಒಂದು ನೋಟಿಫಿಕೇಶನ್ ಬಂದ್ರೂ ಫಿಲ್ಮ್ ಹಾಳು. ಕಾಂಟ್ರಾಸ್ಟ್ ಜಾಸ್ತಿ ಬರೋ ಫಿಲ್ಮ್ ಇದು, ಡೆವಲಪರ್‌ಗೆ ನೀರು ಜಾಸ್ತಿ ಬೆರೆಸಬೇಕು.

ಮೊದಲನೇದು: ಅಜ್ಜಿ ನಕ್ಕಿದ್ರಲ್ಲ, ಮುಖ ಪೂರ್ತಿ ಅಲುಗಾಡಿತ್ತು. ಎರಡನೇದು ಖಾಲಿ. ಹೋಲ್ಡರ್‌ನ ಡಾರ್ಕ್ ಸ್ಲೈಡ್ ಎಳೆಯೋದೇ ಮರೆತಿದ್ದೆ. ಮೂರನೇದು ಚೆನ್ನಾಗಿ ಮೂಡ್ತಾ ಇತ್ತು, ನನ್ನ ಉಗುರು ತಾಗಿ ಕೆನ್ನೆ ಮೇಲೆ ಉದ್ದಕ್ಕೆ ಗೀರು ಬಿತ್ತು. ಈ ಫಿಲ್ಮ್‌ಗೆ ಎರಡೂ ಕಡೆ ಎಮಲ್ಷನ್ ಇರುತ್ತೆ, ಒದ್ದೆಯಾದ್ರೆ ಹಾಲಿನ ಕೆನೆ ಇದ್ದಂಗೆ.

ಉಳಿದದ್ದು ಒಂದೇ. ಕೈ ನಡುಗ್ತಾ ಇತ್ತು. ಟ್ರೇ ತಳದಲ್ಲಿ ಒಂದು ಗಾಜು ಹಾಸಿ, ಅಂಚು ಮಾತ್ರ ಹಿಡಿದು, ನಿಧಾನಕ್ಕೆ ಅಲ್ಲಾಡಿಸಿದೆ. ಬಂತು!

ಬೆಳಗ್ಗೆ ನೆಗೆಟಿವ್‌ನ ಫೋನಲ್ಲಿ ತೆಗೆದು, ಇನ್ವರ್ಟ್ ಮಾಡಿ ತೋರಿಸಿದೆ. ಒಂದೊಂದು ಸುಕ್ಕೂ ಗೆರೆ ಎಳೆದ ಹಾಗಿತ್ತು. ಅಜ್ಜಿ ಕೇಳಿದ್ರು, 'ಕುಂಕುಮ ಯಾಕೋ ಇಷ್ಟು ಕಪ್ಪು?' ಕೆಂಪು ಕಾಣದ ಫಿಲ್ಮ್ ಅಜ್ಜಿ, ಅದಕ್ಕೆ ಕುಂಕುಮ ಕಪ್ಪು, ನೀಲಿ ಆಕಾಶ ಬಿಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: 'ನಮ್ಮಮ್ಮನ ಫೋಟೋದಲ್ಲೂ ಹೀಗೇ ಇತ್ತು.'

ಹಳೇ ಸ್ಟುಡಿಯೋಗಳ ಆರ್ಥೋ ಪ್ಲೇಟ್‌ಗಳಿಗೂ ಕೆಂಪು ಕಾಣ್ತಿರಲಿಲ್ಲ. ಅಜ್ಜಿ ಆ ಫೋಟೋದಲ್ಲಿ ತಮ್ಮ ಅಮ್ಮನ್ನ ನೋಡ್ತಾ ಇದ್ರು.

ನೀವೂ ಮಾಡೋದಾದ್ರೆ ಕೈಗೆ ಗ್ಲೌಸ್ ಹಾಕಿ, ಬಳಸಿದ ಫಿಕ್ಸರ್‌ನ ಚರಂಡಿಗೆ ಸುರೀಬೇಡಿ, ಅದರಲ್ಲಿ ಬೆಳ್ಳಿ ಇರುತ್ತೆ. ಮೂರು ಹಾಳಾದ್ರೂ ಬೇಜಾರು ಮಾಡ್ಕೋಬೇಡಿ. ಆದರೆ ಕೂರಿಸಬೇಕಾದವರನ್ನ ಈ ವಾರವೇ ಕೂರಿಸಿ. ಮತ್ತೆ ಸಿಗೋಣ.